ಯಕ್ಷಗಾನ ಪ್ರೇಕ್ಷಕರ ಮಾತಿಗೆ ಯಂತ್ರ ಕೊಟ್ಟ ಅಂಕಗಳು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ಕೆಲವು ಗೆಳೆಯರು ತೆಂಕುತಿಟ್ಟಿನ, ಅಂದರೆ ತೆಂಕಣ ಶೈಲಿಯ, ಯಕ್ಷಗಾನ ಆಟಗಳನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುತ್ತಾರೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಆ ವರ್ಷದ ಆಟಗಳ ಬಗ್ಗೆ ಪ್ರೇಕ್ಷಕರು ಬರೆದ ಸಾವಿರಾರು ಅಭಿಪ್ರಾಯಗಳನ್ನು ಒಟ್ಟಾಗಿ ಅಳೆದುಕೊಡಲು ಸಾಧ್ಯವೇ ಎಂದು ಅವರು ನನ್ನನ್ನು ಕೇಳಿದರು. ದತ್ತಾಂಶ ವಿಶ್ಲೇಷಣೆ ನನ್ನ ಹೊಟ್ಟೆಪಾಡಿನ ಕೆಲಸ. ಮಂಗಳೂರಿನ ಒಂದು ಕಂಪೆನಿಗೆ ಮನೆಯಿಂದಲೇ ಗ್ರಾಹಕರ ವಿಮರ್ಶೆಗಳನ್ನು ವಿಂಗಡಿಸಿಕೊಡುತ್ತೇನೆ. ಹಾಗಾಗಿ ಸಂತೋಷದಿಂದ ಒಪ್ಪಿಕೊಂಡು ಒಂದೊಂದು ಮಾತಿನಲ್ಲೂ ಮೆಚ್ಚುಗೆಯಿದೆಯೋ ಬೇಸರವಿದೆಯೋ ಎಂದು ಯಂತ್ರದಿಂದ, ಅಂದರೆ ಒಂದು ತಂತ್ರಾಂಶದಿಂದ, ಅಂಕ ಹಾಕಿಸಿ, ಎರಡು ವಾರಗಳಲ್ಲಿ ತಿಂಗಳುವಾರು ಸರಾಸರಿ ಅಂಕಗಳ ಒಂದು ನಕ್ಷೆಯನ್ನು ಕೊಟ್ಟೆ. ಅದರಲ್ಲಿ ಫೆಬ್ರವರಿಯ ಅಂಕ ಉಳಿದೆಲ್ಲ ತಿಂಗಳುಗಳಿಗಿಂತ ಬಹಳ ಕೆಳಗಿತ್ತು. ಒಬ್ಬ ಯುವ ಭಾಗವತರು ಹೊಸದಾಗಿ ಹಾಡಲು ತೊಡಗಿದ್ದು ಅದೇ ತಿಂಗಳಲ್ಲಿ. ನಕ್ಷೆ ನೋಡಿದವರೆಲ್ಲ ಅವರ ಹಾಡು ಜನಕ್ಕೆ ಹಿಡಿಸಲಿಲ್ಲ ಎಂಬ ಒಂದೇ ತೀರ್ಮಾನಕ್ಕೆ ಬಂದರು, ಆ ತೀರ್ಮಾನ ಭಾಗವತರ ಕಿವಿಗೂ ಬಿತ್ತು. ವೇಷ, ಕುಣಿತಗಳಿಲ್ಲದೆ ಹಾಡು-ಮಾತುಗಳಲ್ಲೇ ನಡೆಯುವ ಮಳೆಗಾಲದ ತಾಳಮದ್ದಳೆ ಕೂಟಗಳಿಗೆ ಕರೆದಾಗ ಅವರು ಹಿಂಜರಿದರು ಎಂದು ತಿಳಿದು ನನಗಾದ ಸಂಕಟ ಈಗಲೂ ಹೋಗಿಲ್ಲ. ನಕ್ಷೆ ನನ್ನದಾದ ಮೇಲೆ ಅದನ್ನು ಹೇಗೆ ಓದಬೇಕೆಂದು ಹೇಳುವ ಹೊಣೆಯೂ ನನ್ನದೇ ಆಗಿತ್ತು.

ಆಮೇಲೆ ಫೆಬ್ರವರಿಯ ಅಭಿಪ್ರಾಯಗಳನ್ನು ಒಂದೊಂದಾಗಿ ಓದಲು ಕುಳಿತೆ. ಮೊದಲ ಅರ್ಧ ಗಂಟೆಯಲ್ಲೇ ವಿಷಯ ತಿಳಿಯಿತು. ಆ ತಿಂಗಳ ಎರಡನೆಯ ವಾರದಲ್ಲಿ ಒಬ್ಬ ಹಿರಿಯ ವೇಷಧಾರಿ ತೀರಿಕೊಂಡಿದ್ದರು. ಗೆಳೆಯರು ಅವರ ಹಳೆಯ ಆಟವೊಂದನ್ನು ಶ್ರದ್ಧಾಂಜಲಿಯಾಗಿ ಹಾಕಿದ್ದರು. ‘ಇಂಥ ವೇಷವನ್ನು ಇನ್ನೆಲ್ಲಿ ನೋಡುವುದು’, ‘ತುಂಬಲಾರದ ನಷ್ಟ’, ‘ಕಣ್ಣೀರು ನಿಲ್ಲುತ್ತಿಲ್ಲ, ಓಂ ಶಾಂತಿ’ ಎಂದು ಜನ ಅಲ್ಲಿ ಸಾಲುಸಾಲಾಗಿ ಬರೆದಿದ್ದರು. ನಷ್ಟ, ಕಣ್ಣೀರು, ಸಾವು ಎಂಬ ಪದಗಳಿಗೆಲ್ಲ ಯಂತ್ರ ಋಣ ಅಂಕ ಕೊಟ್ಟಿತ್ತು. ಆ ಒಂದು ಆಟವನ್ನು ಲೆಕ್ಕದಿಂದ ಬದಿಗಿಟ್ಟಾಗ ಫೆಬ್ರವರಿ ಜನವರಿಗೆ ಸಮನಾಯಿತು. ಹೊಸ ಭಾಗವತರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಮೆಚ್ಚಿಯೇ ಬರೆದಿದ್ದರು. ಯಂತ್ರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಬರೆದ ಮಾತುಗಳಲ್ಲಿ ದುಃಖದ ಪದಗಳು ಎಷ್ಟಿವೆ ಎಂಬುದಕ್ಕೆ ಅದು ಉತ್ತರ ಕೊಟ್ಟಿತ್ತು. ನಾವು ಅದನ್ನು ‘ಆಟ ಜನಕ್ಕೆ ಹಿಡಿಸಿತೇ’ ಎಂಬ ಪ್ರಶ್ನೆಗೆ ಉತ್ತರವೆಂದು ಓದಿದ್ದೆವು.

ನಾನು ಹಿಡಿದದ್ದು ಈ ಕೆಲಸದಲ್ಲಿ ಬಹಳ ಮಂದಿ ಮೊದಲು ಹಿಡಿಯುವ ದಾರಿಯನ್ನೇ. ಅಭಿಪ್ರಾಯಗಳನ್ನು ಯಂತ್ರಾನುವಾದದಿಂದ ಇಂಗ್ಲಿಷಿಗೆ ತಂದು ವೇಡರ್ ಎಂಬ ಉಪಕರಣಕ್ಕೆ ಕೊಟ್ಟಿದ್ದೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಹಟೊ ಮತ್ತು ಗಿಲ್ಬರ್ಟ್ 2014ರಲ್ಲಿ ಪ್ರಕಟಿಸಿದ ಈ ಉಪಕರಣದ ಒಡಲಿನಲ್ಲಿ ಸುಮಾರು 7,500 ಇಂಗ್ಲಿಷ್ ಪದಗಳೂ ಚಿಹ್ನೆಗಳೂ ಇವೆ. ಒಂದೊಂದಕ್ಕೂ 10 ಮಂದಿ -4ರಿಂದ +4ರವರೆಗೆ ಕೊಟ್ಟ ಬೆಲೆಯ ಸರಾಸರಿಯನ್ನು ಅಂಟಿಸಲಾಗಿದೆ. ವಾಕ್ಯದಲ್ಲಿ ಸಿಕ್ಕಿದ ಪದಗಳ ಬೆಲೆಗಳನ್ನು ಕೂಡಿಸಿ, ಆ ಮೊತ್ತದ ವರ್ಗಕ್ಕೆ 15 ಸೇರಿಸಿ ವರ್ಗಮೂಲ ತೆಗೆದು, ಅದರಿಂದ ಮೊತ್ತವನ್ನು ಭಾಗಿಸಿದರೆ -1 ಮತ್ತು +1ರ ನಡುವಿನ ಅಂಕ ಬರುತ್ತದೆ. ‘ಗುಡ್’ ಎಂಬ ಪದದ ಬೆಲೆ 1.9. ಅದು ಒಮ್ಮೆ ಬಂದರೆ ವಾಕ್ಯದ ಅಂಕ 0.44, ಎರಡು ಸಲ ಬಂದರೆ 0.70, ಮೂರು ಸಲ ಬಂದರೆ 0.83. ಈ ಲೆಕ್ಕವನ್ನು ಕೈಯಾರೆ ಮಾಡಿ ನೋಡುವವರೆಗೂ ನಾನು 0.8 ಎಂದರೆ 0.4ರ ಇಮ್ಮಡಿ ಮೆಚ್ಚುಗೆ ಎಂದೇ ಭಾವಿಸಿದ್ದೆ. ಉದ್ದಕ್ಕೆ ಬರೆಯುವ ಅಭ್ಯಾಸವಿರುವವರ ಸಾಧಾರಣ ಮೆಚ್ಚುಗೆ 1ರ ಹತ್ತಿರಕ್ಕೆ ಹೋಗುತ್ತದೆ. ರಾತ್ರಿಯಿಡೀ ಕುಳಿತು ಆಟ ನೋಡಿ ‘ಗುಡ್’ ಎಂದಷ್ಟೇ ಬರೆದ ಅಜ್ಜನ ಅಂಕ 0.44ರಲ್ಲೇ ನಿಲ್ಲುತ್ತದೆ. ಇಂಥ ಅಂಕಗಳ ಸರಾಸರಿಯನ್ನು ಎರಡು ದಶಮಾಂಶ ಸ್ಥಾನದವರೆಗೆ ಬರೆದು ತಿಂಗಳಿನಿಂದ ತಿಂಗಳಿಗೆ ಹೋಲಿಸಿದ್ದೇ ನನ್ನ ಮೊದಲ ತಪ್ಪು.

ಯಕ್ಷಗಾನದ ಮಾತಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ಪ್ರಸಂಗಗಳಲ್ಲಿ ಯುದ್ಧವೂ ವಧೆಯೂ ಸಾಮಾನ್ಯ; ಒಳ್ಳೆಯ ಪ್ರೇಕ್ಷಕ ಕತೆಯ ಸನ್ನಿವೇಶವನ್ನು ಹೆಸರಿಸಿಯೇ ಹೊಗಳುತ್ತಾನೆ. ‘ಭೀಮ ಕೀಚಕನನ್ನು ಕೊಂದ ಸನ್ನಿವೇಶ ಚೆನ್ನಾಗಿತ್ತು’ ಎಂಬ ಮಾತು ಇಂಗ್ಲಿಷಿಗೆ ಹೋದಾಗ ‘ಕಿಲ್ಡ್’ ಎಂಬ ಪದಕ್ಕೆ -3.5, ‘ಗುಡ್’ಗೆ 1.9 ಬಿದ್ದು, ಒಟ್ಟು ಅಂಕ -0.38 ಆಗುತ್ತದೆ. ವೇಡರಿನಲ್ಲಿ -0.05 ಮತ್ತು ಅದಕ್ಕಿಂತ ಕೆಳಗಿನದ್ದನ್ನು ಋಣಾತ್ಮಕ ಎಂದು ಎಣಿಸುವುದು ರೂಢಿ. ‘ಮಹಿಷಾಸುರನ ಪ್ರವೇಶ ಭಯಂಕರ’ ಎಂಬ ಮಾತು ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಸಲ್ಲುವ ಅತ್ಯುಚ್ಚ ಪ್ರಶಂಸೆ. ‘ಭಯಂಕರ’ವನ್ನು ‘ಟೆರಿಬಲ್’ ಎಂದು ಅನುವಾದಿಸಿದರೆ ಸಿಗುವುದು -0.48. ಕರುಣ ರಸದ ಪದ್ಯ ಕೇಳಿ ಕಣ್ಣಲ್ಲಿ ನೀರು ಬಂತೆಂದು ಬರೆದವರಿಗೂ ಹೀಗೆಯೇ ಆಯಿತು.

ಇನ್ನು ನಮ್ಮ ಊರಿನ ಭಾಷೆಗಳು. ಕಾಸರಗೋಡಿನಲ್ಲಿ ಒಬ್ಬರೇ ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತಾರೆ. ಆಟ ನೋಡಿದ ಮೇಲೆ ಮೂರನ್ನೂ ಬೆರೆಸಿ, ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿ, ಬರೆಯುತ್ತಾರೆ. ಹವ್ಯಕ ಕನ್ನಡದ ‘ಲಾಯ್ಕ ಆಯಿದು’ ಎಂಬ ಮಾತು ಅನುವಾದ ಯಂತ್ರಕ್ಕೆ ಅರ್ಥವಾಗದೆ ಹಾಗೆಯೇ ಉಳಿಯಿತು. ಮಲಯಾಳದ ‘ಅಡಿಪೊಳಿ’ ಎಂಬುದು ಅಮೋಘ ಎನ್ನುವ ಮೆಚ್ಚುಗೆ. ಕನ್ನಡ ವಾಕ್ಯದ ನಡುವೆ ಬಂದಾಗ ಅದು ಕೆಲವೆಡೆ ಹೊಡೆತವಾಯಿತು, ಕೆಲವೆಡೆ ಮಾಯವಾಯಿತು. ನನ್ನನ್ನು ಹೆಚ್ಚು ತಟ್ಟಿದ್ದು ತುಳುವಿನ ‘ಮಸ್ತ್ ಶೋಕು ಆತ್ಂಡ್’ ಎಂಬ ಮಾತು. ಬಹಳ ಸೊಗಸಾಯಿತು ಎಂಬ ಆ ಹೊಗಳಿಕೆಯ ‘ಶೋಕು’ ಯಂತ್ರದ ಕಣ್ಣಿಗೆ ಕನ್ನಡದ ‘ಶೋಕ’ವಾಗಿ, ಇಂಗ್ಲಿಷಿನಲ್ಲಿ ದುಃಖವೆಂದು ಇಳಿದಿತ್ತು. ತುಳು ಪ್ರಸಂಗಗಳಿಗೆ ಯಾಕೆ ಕಡಿಮೆ ಅಂಕ ಬಂದಿದೆ ಎಂದು ಗೆಳೆಯರು ಕೇಳಿದಾಗ, ಮೊದಲು ನಾನು ‘ಪ್ರೇಕ್ಷಕರು ಬೇರೆ ಇರಬಹುದು’ ಎಂದು ಉತ್ತರಿಸಿದ್ದೆ. ತುಳು ಮಾತು ಕೇಳುತ್ತಲೇ ಬೆಳೆದ ನಾನು, ಹಾಗೆ ಹೇಳುವ ಮುನ್ನ ಹತ್ತು ಸಾಲು ಓದಬೇಕಿತ್ತು.

ಇದಕ್ಕಿಂತಲೂ ಮುಖ್ಯವಾದ ಒಂದು ಸಂಗತಿ ಧನ ಅಂಕಗಳ ಗುಂಪಿನಲ್ಲಿತ್ತು. ಎಲ್ಲರೂ ಕೆಳಗಿನ ಅಂಕಗಳನ್ನೇ ಹುಡುಕಿ ಓದುತ್ತಾರೆ. ಹೊಗಳಿಕೆಯೆಂದು ಗುರುತಾದದ್ದನ್ನು ತೆರೆದು ನೋಡುವವರು ಕಡಿಮೆ. ನಾನು 0.5ರಿಂದ 0.7ರ ನಡುವಿನ ಅಭಿಪ್ರಾಯಗಳನ್ನು ಓದುತ್ತಾ ಹೋದಾಗ ಹೀಗೊಂದು ಸಿಕ್ಕಿತು: ‘ದಯವಿಟ್ಟು ಭಾಗವತರ ಮೈಕನ್ನು ಚೆಂಡೆಯಿಂದ ಸ್ವಲ್ಪ ದೂರ ಇಡಿ, ಪದ್ಯದ ಸಾಹಿತ್ಯ ಕೇಳಿಸುವುದಿಲ್ಲ. ಧನ್ಯವಾದಗಳು.’ ಇದು ಅಪ್ಪಟ ದೂರು. ಆದರೆ ‘ಪ್ಲೀಸ್’ ಎಂಬುದಕ್ಕೆ 1.3, ‘ಥ್ಯಾಂಕ್’ ಎಂಬುದಕ್ಕೆ 1.5 ಸೇರಿ 2.8 ಆಯಿತು, ಅಂಕ 0.59. ದೂರಿನ ತಿರುಳಾದ ‘ಕೇಳಿಸುವುದಿಲ್ಲ’ ಎಂಬ ಪದಕ್ಕೆ ನಿಘಂಟಿನಲ್ಲಿ ಬೆಲೆಯೇ ಇಲ್ಲ. ಹುಡುಕುತ್ತಾ ಹೋದಂತೆ ಮೈಕಿನ ಬಗ್ಗೆ ಇಂಥವೇ ಇನ್ನಷ್ಟು ಸಿಕ್ಕಿದವು, ಬೇರೆ ಬೇರೆ ತಿಂಗಳಿನವು, ಬೇರೆ ಬೇರೆ ಊರಿನವರು ಬರೆದವು, ಎಲ್ಲವೂ ವಿನಯದಿಂದ ಬರೆದವು. ಕಲಾವಿದರ ಮೇಲೆ ಗೌರವವಿರುವ ಪ್ರೇಕ್ಷಕ ಬೈಯುವುದಿಲ್ಲ, ಬಿನ್ನವಿಸಿಕೊಳ್ಳುತ್ತಾನೆ. ಹೀಗೆ ಆ ವರ್ಷದ ನಿಜವಾದ ಕೊರತೆ ನನ್ನ ನಕ್ಷೆಯಲ್ಲಿ ಮೆಚ್ಚುಗೆಯ ಬಣ್ಣ ಬಳಿದುಕೊಂಡು ಕುಳಿತಿತ್ತು. ಯುವ ಭಾಗವತರ ಪದ್ಯ ಕೇಳಿಸದಿದ್ದುದಕ್ಕೆ ಕಾರಣ ಮೈಕಿನ ಜಾಗವೇ ಹೊರತು ಅವರ ಕಂಠವಾಗಿರಲಿಲ್ಲ ಎಂದು ಗೆಳೆಯರಿಗೆ ಆ ಸಾಲುಗಳನ್ನೇ ಓದಿ ತಿಳಿಸಿದೆ. ಭಾಗವತರ ಮನೆಗೂ ಹೋಗಿ ಕ್ಷಮೆ ಕೇಳಿದೆ.

ಸೊನ್ನೆಯ ಬಗ್ಗೆಯೂ ಹೇಳಬೇಕು. ಅಂಕ 0 ಎಂದು ಬಂದಾಗ ಬರೆದವರಿಗೆ ಮೆಚ್ಚುಗೆಯೂ ಇಲ್ಲ, ಬೇಸರವೂ ಇಲ್ಲ ಎಂದು ನಾವು ಓದುತ್ತೇವೆ. ಆದರೆ ಯಂತ್ರಕ್ಕೆ ಒಂದು ಪದವೂ ಗುರುತು ಸಿಗದಿದ್ದಾಗಲೂ ಬರುವುದು 0 ಎಂಬ ಅದೇ ಅಂಕ. ‘ಲಾಯ್ಕ ಆಯಿದು’ ಎಂಬುದೂ ‘ನಾಳೆ ಆಟ ಎಲ್ಲಿ?’ ಎಂಬುದೂ ಒಂದೇ ಸಾಲಿಗೆ ಬೀಳುತ್ತವೆ. ಹೀಗಾಗಿ ಹವ್ಯಕರೋ ತುಳುವರೋ ಹೆಚ್ಚು ಬರೆದ ತಿಂಗಳಲ್ಲಿ ಸರಾಸರಿ ತಾನಾಗಿ ಸೊನ್ನೆಯ ಕಡೆಗೆ ಜಾರುತ್ತದೆ. ಈಗ ನಾನು ಯಂತ್ರಕ್ಕೆ ಅರ್ಥವೇ ಆಗದ ಅಭಿಪ್ರಾಯಗಳ ಪಾಲನ್ನು ಬೇರೆಯೇ ಎಣಿಸಿ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ಅದು ದೊಡ್ಡದಾಗಿದ್ದರೆ ಮುಂದಿನ ಅಂಕೆಗಳನ್ನು ಕೊಡುವುದೇ ಇಲ್ಲ.

ಅನುವಾದದ ಹಂಗಿಲ್ಲದ ಯಂತ್ರವನ್ನೂ ಪ್ರಯತ್ನಿಸಿದೆ. ಗೂಗಲ್‌ನ ಸಂಶೋಧಕರು ರೂಪಿಸಿದ ಮ್ಯೂರಿಲ್ ಎಂಬ ಮಾದರಿ ಇಂಗ್ಲಿಷ್ ಸೇರಿ 17 ಭಾಷೆಗಳನ್ನು ಕಲಿತಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಭಾರತೀಯ ಭಾಷೆಗಳ ಪಠ್ಯವೂ ಅದರ ಕಲಿಕೆಯಲ್ಲಿ ಸೇರಿದೆ. ಆ 17ರಲ್ಲಿ ಕನ್ನಡ, ಮಲಯಾಳ ಇವೆ; ತುಳುವೂ ಕೊಂಕಣಿಯೂ ಇಲ್ಲ. ಯೂಟ್ಯೂಬಿನಿಂದ ಆಯ್ದು, 7,000ಕ್ಕಿಂತ ಹೆಚ್ಚು ಕನ್ನಡ-ಇಂಗ್ಲಿಷ್ ಮಿಶ್ರಿತ ಅಭಿಪ್ರಾಯಗಳಿಗೆ ಗುರುತು ಹಾಕಿಟ್ಟ ಒಂದು ಸಂಗ್ರಹ ಸಂಶೋಧಕರಲ್ಲಿ ಬಳಕೆಯಲ್ಲಿದೆ. ಅದರಿಂದ ಈ ಮಾದರಿಯನ್ನು ತರಬೇತುಗೊಳಿಸಿದೆ. ಕನ್ನಡದ ಮಟ್ಟಿಗೆ ಫಲ ಎಷ್ಟೋ ಮೇಲಾಯಿತು. ಆದರೆ ಇಲ್ಲಿ ಬರುವ ಅಂಕೆಯ ಜಾತಿಯೇ ಬೇರೆ. ‘ಧನಾತ್ಮಕ 0.97’ ಎಂದು ಅದು ಹೇಳಿದರೆ, ಬರೆದವರು ಅಷ್ಟು ಸಂತೋಷಪಟ್ಟಿದ್ದಾರೆ ಎಂದಲ್ಲ, ಇದು ಧನಾತ್ಮಕ ಎಂಬುದರಲ್ಲಿ ಯಂತ್ರಕ್ಕೆ ಅಷ್ಟು ಭರವಸೆ ಇದೆ ಎಂದರ್ಥ. ‘ಪರವಾಗಿಲ್ಲ, ಚೆನ್ನಾಗಿತ್ತು’ ಎಂಬ ತಣ್ಣನೆಯ ಮಾತಿಗೆ 0.97 ಬರಬಹುದು, ಮನಸ್ಸು ತುಂಬಿ ಬರೆದ ಆದರೆ ಸುತ್ತುಬಳಸಿನ ಮಾತಿಗೆ 0.6. ಆ ಭರವಸೆಯನ್ನೂ ನಾನು ಹಾಗೆಯೇ ನಂಬಲಿಲ್ಲ. 0.9ರ ಆಸುಪಾಸಿನವನ್ನೆಲ್ಲ ಗುಂಪು ಮಾಡಿ ಕೈಯಾರೆ ತಾಳೆ ನೋಡಿದೆ. ಹತ್ತರಲ್ಲಿ ಒಂಬತ್ತು ಸರಿಯಿದ್ದರೆ ಮಾತ್ರ ಅದು 0.9 ಎಂಬ ಹೆಸರಿಗೆ ತಕ್ಕದ್ದು. ತುಳು ಬೆರೆತಲ್ಲಿ ಅದು ಆ ಮಟ್ಟಕ್ಕೆ ಬರಲಿಲ್ಲ.

ಕೈಯಾರೆ ಎಂದೆ, ಆ ಕೆಲಸವೇ ಉಳಿದೆಲ್ಲದಕ್ಕೆ ಆಧಾರ. ಯಾದೃಚ್ಛಿಕವಾಗಿ ಆಯ್ದ 400 ಅಭಿಪ್ರಾಯಗಳನ್ನು ಹಾಳೆಯಲ್ಲಿ ಮುದ್ರಿಸಿ, ನಾನೂ ನನ್ನ ಭಾವನೂ ಬೇರೆ ಬೇರೆಯಾಗಿ ಕುಳಿತು, ಯಂತ್ರದ ಅಂಕ ನೋಡದೆ ಗುರುತು ಹಾಕಿದೆವು. ಭಾವ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುವವರು, ನನಗಿಂತ ಚೆನ್ನಾಗಿ ಮಲಯಾಳ ಬಲ್ಲವರು. 400ರ ಮಾದರಿಯಿಂದ ಹೇಳುವ ಯಾವ ಪಾಲೂ ಸುಮಾರು 5 ಶೇಕಡಾ ಅಂಶ ಅತ್ತಿತ್ತ ಇರಬಹುದು. ಹೀಗಾಗಿ ಎರಡು ತಿಂಗಳ ನಡುವೆ 2-3 ಅಂಶಗಳ ವ್ಯತ್ಯಾಸ ಕಂಡಾಗ ನಾನು ಕಾರಣ ಹುಡುಕಲು ಹೋಗುವುದಿಲ್ಲ. ನಮ್ಮಿಬ್ಬರ ಒಮ್ಮತವನ್ನು ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಎಂಬ ಅಳತೆಯನ್ನು ಬಳಸಿದೆವು. ಅದರ ಅಗತ್ಯವನ್ನು ಭಾವನಿಗೆ ಹೀಗೆ ವಿವರಿಸಿದೆ. ನೂರರಲ್ಲಿ 80 ಹೊಗಳಿಕೆಯೇ ಇರುವ ಕಡೆ ಇಬ್ಬರೂ ಓದದೆ, ಅದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ 68ರಲ್ಲಿ ಒಮ್ಮತ ಬಂದೇ ಬರುತ್ತದೆ. ಓದಿ ಹಾಕಿದಾಗಲೂ 80ರಲ್ಲಿ ಮಾತ್ರ ಒಮ್ಮತವಿದ್ದರೆ ಕಪ್ಪಾ ಬರುವುದು 0.375, ಅಂದರೆ ನೋಡಲು 80 ಕಂಡರೂ ನಿಜವಾದ ಒಮ್ಮತ ಅಲ್ಪ. ಇದೇ ಕಾರಣಕ್ಕೆ ‘ನಮ್ಮ ಯಂತ್ರ 80 ಶೇಕಡಾ ನಿಖರ’ ಎಂದು ಯಾರಾದರೂ ಹೇಳಿದರೆ, ಎಲ್ಲದಕ್ಕೂ ಹೊಗಳಿಕೆ ಎಂದೇ ಗುರುತು ಹಾಕುವ ಯಂತ್ರಕ್ಕೆ ಅಲ್ಲಿ ಎಷ್ಟು ಸಿಗುತ್ತಿತ್ತು ಎಂದು ನಾನು ಮೊದಲು ಕೇಳುತ್ತೇನೆ.

ಬರೆಯುವವರು ಎಲ್ಲ ಪ್ರೇಕ್ಷಕರ ಪ್ರತಿನಿಧಿಗಳೂ ಅಲ್ಲ. ನನ್ನ ಅಮ್ಮ ವಾರಕ್ಕೆ ಎರಡು ಆಟ ನೋಡುತ್ತಾರೆ, ಇದುವರೆಗೆ ಒಂದು ಸಾಲೂ ಬರೆದಿಲ್ಲ.

ಈಗ ಗೆಳೆಯರಿಗೆ ಕೊಡುವ ವರದಿಯಲ್ಲಿ ಒಂದೇ ಸರಾಸರಿಯ ನಕ್ಷೆ ಇಲ್ಲ. ಭಾಷೆವಾರು ಪಾಲುಗಳಿವೆ; ಶ್ರದ್ಧಾಂಜಲಿಯ ಮಾತುಗಳು ಪ್ರತ್ಯೇಕವಾಗಿವೆ; ಮಾತು ಯಾವುದರ ಬಗ್ಗೆ ಎಂಬ ವಿಂಗಡಣೆ ಇದೆ: ಕಲಾವಿದರ ಬಗ್ಗೆಯೋ, ಪ್ರಸಂಗದ ಬಗ್ಗೆಯೋ, ಧ್ವನಿ-ಚಿತ್ರಗಳ ಬಗ್ಗೆಯೋ ಎಂದು. ಪ್ರತಿ ಅಂಕೆಯ ಕೆಳಗೆ ಅದರೊಳಗಿನ ಐದು ಮಾತುಗಳನ್ನು, ನಾನು ಆರಿಸದೆ, ಚೀಟಿ ಎತ್ತಿದಂತೆ ತೆಗೆದು, ಬರೆದ ರೂಪದಲ್ಲೇ ಇಡುತ್ತೇನೆ. ಮೈಕಿನ ಜಾಗ ಬದಲಾಗಿದೆ. ಆ ದೂರು ಈ ತಿರುಗಾಟದಲ್ಲಿ ಮತ್ತೆ ಕಾಣಿಸಲಿಲ್ಲ.

ನಮ್ಮ 400ರ ಹಾಳೆಗಳಲ್ಲಿ ಕೊನೆಯವರೆಗೂ ಇತ್ಯರ್ಥವಾಗದೆ ಉಳಿದ ಒಂದು ಮಾತಿದೆ: ‘ಈ ಪದ್ಯವನ್ನು ಇನ್ನೊಮ್ಮೆ ಕೇಳಬೇಕು.’ ಭಾವ ಅದಕ್ಕೆ ಮೆಚ್ಚುಗೆ ಎಂದು ಗುರುತು ಹಾಕಿದ್ದರು. ಚೆಂಡೆಯ ಅಬ್ಬರದಲ್ಲಿ ಸಾಹಿತ್ಯ ಸರಿಯಾಗಿ ಕೇಳಿಸದವರು ಬರೆದದ್ದಿರಬೇಕೆಂದು ನಾನು ದೂರು ಎಂದು ಹಾಕಿದ್ದೆ. ಇಬ್ಬರೂ ಕುಳಿತು ಆ ಪದ್ಯವನ್ನು ಮೂರು ಸಲ ಕೇಳಿದೆವು. ಎರಡು ಗುರುತುಗಳನ್ನೂ ಹಾಳೆಯಲ್ಲಿ ಹಾಗೆಯೇ ಉಳಿಸಿದ್ದೇವೆ.