ಸರ್ವರ್ ನಿಂತರೂ ಹಾರುವಂಥ ಮನೆ ಕಾಕ್‌ಪಿಟ್

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಗ್ರಾಫಿಕ್ಸ್ ಕಾರ್ಡಿನ ಬಗ್ಗೆ. ವಿಚಾರಿಸಬೇಕಾದ್ದು ಬೇರೆ: ಈ ಸಾಫ್ಟ್‌ವೇರ್ ಎಷ್ಟು ದಿನ ಬಾಳುತ್ತದೆ? 1982ರಿಂದ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಸರಣಿಯನ್ನು ಕಟ್ಟುತ್ತಿದ್ದ ಏಸಸ್ ಸ್ಟುಡಿಯೊ 2009ರ ಜನವರಿಯಲ್ಲಿ ಬಾಗಿಲು ಮುಚ್ಚಿತು. 2012ರ ಫೆಬ್ರವರಿಯಲ್ಲಿ ಬಂದ ‘ಮೈಕ್ರೋಸಾಫ್ಟ್ ಫ್ಲೈಟ್’ ಕೆಲಸ ಅದೇ ವರ್ಷದ ಜುಲೈಗೆ ನಿಂತಿತು. ಡವ್‌ಟೇಲ್ ಗೇಮ್ಸ್‌ನ ‘ಫ್ಲೈಟ್ ಸಿಮ್ ವರ್ಲ್ಡ್’ 2017ರಲ್ಲಿ ಬಂತು, 2018ರಲ್ಲಿ ಕೈಬಿಟ್ಟರು. 2020ರ ಆಗಸ್ಟ್‌ನಲ್ಲಿ ಸರಣಿ ಮತ್ತೆ ಜೀವ ಪಡೆಯಿತು ನಿಜ. ಆದರೆ ನೆಲದ ಚಿತ್ರವೆಲ್ಲ ಅವರ ಸರ್ವರಿನಲ್ಲಿ, ನಮ್ಮ ಡಿಸ್ಕಿನಲ್ಲಲ್ಲ. 2024ರ ನವೆಂಬರ್‌ನ ಆವೃತ್ತಿಯಲ್ಲಿ ವಿಮಾನಗಳೂ ಬೇಕಾದಾಗ ಬೇಕಾದಷ್ಟು ನೆಟ್‌ನಿಂದಲೇ ಇಳಿಯುತ್ತವೆ. ಬಿಡುಗಡೆಯ ದಿನ ಸರ್ವರಿಗೆ ಜನ ಮುಗಿಬಿದ್ದು, ದುಡ್ಡು ಕೊಟ್ಟವರು ಲೋಡಿಂಗ್ ಪಟ್ಟಿಯನ್ನೇ ನೋಡುತ್ತ ಕೂತಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹಾಗಾಗಿ ನಾನು ಸೆಟಪ್ಪನ್ನು ಮೂರು ಪದರ ಮಾಡಿಕೊಂಡೆ: ಕೈಗೆ ಸಿಗುವ ಸಾಮಾನು, ನಡುವೆ ತರ್ಜುಮೆ ಮಾಡುವ ಚಿಕ್ಕ ಪ್ರೋಗ್ರಾಂ, ಮೇಲೆ ಸಿಮ್ಯುಲೇಟರ್. ಮೇಲಿನದು ಯಾವಾಗ ಬೇಕಾದರೂ ಹೋಗಬಹುದು ಎಂದೇ ಲೆಕ್ಕ. ಕೆಳಗಿನ ಎರಡು ಉಳಿಯಬೇಕು.

ಸಾಮಾನಿನಿಂದ ಶುರುಮಾಡೋಣ. ತಯಾರಕರ ಸ್ವಂತ ಡ್ರೈವರ್ ಇಲ್ಲದೆ ಅಲ್ಲಾಡದ ಉಪಕರಣ ಕೊಳ್ಳಲೇಬೇಡಿ. ಕಂಪನಿ ಕೈ ಬದಲಾದರೆ, ವಿಂಡೋಸ್ ಆವೃತ್ತಿ ಬದಲಾದರೆ ಡ್ರೈವರಿನ ಗತಿ ಏನಾಗುತ್ತದೋ ಹೇಳಲಾಗದು; ಸೈಟೆಕ್‌ನಂಥ ಹೆಸರೇ 2016ರಲ್ಲಿ ಲಾಜಿಟೆಕ್ ಪಾಲಾಯಿತು. ಚುಚ್ಚಿದ ಕೂಡಲೇ ‘ಗೇಮ್ ಕಂಟ್ರೋಲರ್’ ಎಂದು ವಿಂಡೋಸೂ ಲಿನಕ್ಸೂ ಗುರುತಿಸುವ ಸಾಮಾನ್ಯ ಯುಎಸ್‌ಬಿ ಜಾಯ್‌ಸ್ಟಿಕ್ ಆಗಿದ್ದರೆ ಸಾಕು. ಥ್ರಾಟಲ್ ಕ್ವಾಡ್ರಂಟ್ ಅನ್ನಂತೂ (ಎಂಜಿನ್ ಶಕ್ತಿ ಏರಿಳಿಸುವ ಸನ್ನೆಗಳ ಪೆಟ್ಟಿಗೆ) ಮನೆಯಲ್ಲೇ ಮಾಡಬಹುದು. ಬೇಕಾದ್ದು ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಒಂದು (ಎಟಿಮೆಗಾ32ಯು4 ಚಿಪ್ ಇರುವುದು, ಉನೊ ಆರ್3 ಬೇಡ, ಅದರ ಮುಖ್ಯ ಚಿಪ್ಪಿಗೆ ಸ್ವಂತ ಯುಎಸ್‌ಬಿ ಇಲ್ಲ, ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸುವುದಿಲ್ಲ), ಸನ್ನೆಗೊಂದರಂತೆ ಕಾಂತಕ್ಷೇತ್ರವನ್ನು ವೋಲ್ಟಾಗಿ ತೋರಿಸುವ 49ಇ ಲೀನಿಯರ್ ಹಾಲ್ ಸೆನ್ಸರ್, ಪ್ರತಿ ಸೆನ್ಸರಿಗೆ ಎರಡು ಚಿಕ್ಕ ನಿಯೋಡಿಮಿಯಂ ಆಯಸ್ಕಾಂತ, 100 ನ್ಯಾನೊಫ್ಯಾರಡ್ ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಬಿಡಿಬಿಡಿಯಾಗಿ ಸಿಗುತ್ತವೆ.

ಪೊಟೆನ್ಷಿಯೊಮೀಟರ್ (ರೇಡಿಯೊದ ವಾಲ್ಯೂಮ್ ಗುಂಡಿಯೊಳಗಿನ ‘ಪಾಟ್’) ಯಾಕೆ ಬೇಡ? ಎರಡು ಕಾರಣ. ಒಂದು, ಒಳಗಿನ ಕಾರ್ಬನ್ ಪಟ್ಟಿ ಸವೆದ ಜಾಗದಲ್ಲಿ ಅದು ಕೊಡುವ ಸಂಖ್ಯೆ ಜಿಗಿಯುತ್ತದೆ. ನೆಲ ಮುಟ್ಟುವ ಹೊತ್ತಿಗೆ ಎಂಜಿನ್ ಒಮ್ಮೆ ಗುರ್ರೆಂದು ಸುಮ್ಮನಾಗುವುದು ಇದರಿಂದಲೇ. ಎರಡನೆಯದು ಬರೀ ಗಣಿತ. ಪಾಟ್ ಸುತ್ತುವುದು 270 ಡಿಗ್ರಿ, ಥ್ರಾಟಲ್ ಸನ್ನೆ ಚಲಿಸುವುದು 60 ಡಿಗ್ರಿ. ಪ್ರೊ ಮೈಕ್ರೊ 5 ವೋಲ್ಟನ್ನು 1024 ಮೆಟ್ಟಿಲಾಗಿ ಓದುತ್ತದೆ. ಅದರಲ್ಲಿ ನಮಗೆ ದಕ್ಕುವುದು 227 ಮಾತ್ರ. ಅಷ್ಟರಲ್ಲೂ ಅಂಗಡಿಯವರು ಆಡಿಯೊ ವಾಲ್ಯೂಮಿಗೆ ಹಾಕುವ ‘ಎ10ಕೆ’ ಕೊಟ್ಟುಬಿಟ್ಟರೆ ಸನ್ನೆಯ ಅರ್ಧ ದೂರದಲ್ಲಿ ಏನೂ ಆಗದೆ ಆಮೇಲೆ ಒಮ್ಮೆಲೇ ಏರುತ್ತದೆ. ಪಾಟೇ ಹಾಕುವುದಾದರೆ ‘ಬಿ10ಕೆ’ ಎಂದು ಕೇಳಿ ತರಬೇಕು.

ಹಾಲ್ ಸೆನ್ಸರನ್ನು ಸನ್ನೆಯ ತಿರುಗುಗೂಟದ ನಟ್ಟನಡುವೆ, ಅಲ್ಲಾಡದ ಚೌಕಟ್ಟಿಗೆ ಕೂರಿಸಿ. ತಿರುಗುವ ತೋಳಿನ ಎರಡು ಬದಿಗೆ ಆಯಸ್ಕಾಂತಗಳನ್ನು ಒಂದರ ಉತ್ತರ ಇನ್ನೊಂದರ ದಕ್ಷಿಣಕ್ಕೆ ಮುಖ ಮಾಡುವಂತೆ ಅಂಟಿಸಿ. ಸನ್ನೆ ಮಧ್ಯದಲ್ಲಿದ್ದಾಗ ಕಾಂತಕ್ಷೇತ್ರ ಸೆನ್ಸರಿನ ಮುಖಕ್ಕೆ ಸಮಾನಾಂತರವಾಗಿ ಹಾಯಬೇಕು. ಆಗ ಹೊರಬರುವುದು 2.5 ವೋಲ್ಟ್. ಅಲ್ಲಿಂದ ಆಚೀಚೆ 30 ಡಿಗ್ರಿವರೆಗೆ ಸೈನ್ ರೇಖೆ ಹೆಚ್ಚುಕಮ್ಮಿ ನೇರ, ಆದ್ದರಿಂದ 60 ಡಿಗ್ರಿ ಚಲನೆಗೆ ಇದು ಹೇಳಿ ಮಾಡಿಸಿದ ಹಾಗೆ. ಮಲ್ಟಿಮೀಟರ್ ಹಿಡಿದು ಎರಡು ತುದಿ ನೋಡಿ: ಒಂದು ಕಡೆ 1, ಇನ್ನೊಂದು ಕಡೆ 4 ವೋಲ್ಟಿನ ಆಸುಪಾಸು ಇದ್ದರೆ ಸರಿ, 600ಕ್ಕಿಂತ ಹೆಚ್ಚು ಮೆಟ್ಟಿಲು ಸಿಕ್ಕವು. ತುದಿಗೆ ಇನ್ನೂ ಹತ್ತು ಡಿಗ್ರಿ ಇರುವಾಗಲೇ ವೋಲ್ಟ್ ಏರುವುದು ನಿಂತರೆ ಆಯಸ್ಕಾಂತ ತೀರ ಹತ್ತಿರ ಇದೆ ಎಂದರ್ಥ; ಒಂದೊಂದು ಮಿಲಿಮೀಟರ್ ಹಿಂದೆ ಸರಿಸಿ. ಕೆಪಾಸಿಟರನ್ನು ಸೆನ್ಸರಿನ ಕಾಲಿಗೇ, ಪವರ್ ಮತ್ತು ಗ್ರೌಂಡ್ ನಡುವೆ ಬೆಸೆಯಬೇಕು. ಬೋರ್ಡಿನ ಹತ್ತಿರ ಬೆಸೆದರೆ ಉದ್ದದ ತಂತಿ ಹೀರುವ ಗದ್ದಲ ಹಾಗೇ ಉಳಿಯುತ್ತದೆ.

ಹನ್ನೆರಡು ಬಿಟ್, ಅಂದರೆ 4096 ಮೆಟ್ಟಿಲು, ಸಿಗುತ್ತದೆಂಬ ಆಸೆಗೆ ಎಸ್‌ಟಿಎಂ32 ಬ್ಲೂ ಪಿಲ್ ಬೋರ್ಡ್ ಹಾಕುವವರಿದ್ದಾರೆ. ಒಳ್ಳೆಯದೇ, ಆದರೆ ಅದರ ಅನಲಾಗ್ ಪಿನ್ 3.3 ವೋಲ್ಟಿನದು. 5 ವೋಲ್ಟ್ ಉಂಡ ಸೆನ್ಸರ್ 4 ವೋಲ್ಟ್ ಉಗುಳಿದರೆ ಪಿನ್ ಹೋಯಿತು.

ಎರಡು ಪ್ರೊ ಮೈಕ್ರೊ ಒಟ್ಟಿಗೆ ಹಾಕಿದಾಗ ಎದುರಾಗುವ ಕಾಟ ಬೇರೆ ಥರದ್ದು. ಎರಡಕ್ಕೂ ಒಂದೇ ಹೆಸರು, ಒಂದೇ ಗುರುತಿನ ಸಂಖ್ಯೆ. ಕಂಪ್ಯೂಟರ್ ಮತ್ತೆ ಶುರುವಾದಾಗ ಥ್ರಾಟಲ್ ಪೆಡಲಾಗಿ, ಪೆಡಲ್ ಥ್ರಾಟಲಾಗಿ ಕೂತಿರುತ್ತದೆ. ಆರ್ಡುಯಿನೊದ ಬೋರ್ಡ್ಸ್ ಕಡತದಲ್ಲಿ ಪ್ರತಿ ಬೋರ್ಡಿಗೂ ಬೇರೆ ಹೆಸರು, ಬೇರೆ ಪ್ರಾಡಕ್ಟ್ ಐಡಿ ಬರೆದು ಮತ್ತೆ ಕೋಡ್ ಏರಿಸಿದರೆ ಮುಗಿಯಿತು. ಹಾರಾಟದ ನಡುವೆ ಉಪಕರಣ ಮಾಯವಾಗುತ್ತಿದ್ದರೆ ವಿಂಡೋಸ್ ಪವರ್ ಸೆಟ್ಟಿಂಗಿನ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಇನ್ನು ವೇಗ, ಎತ್ತರ ತೋರಿಸುವ ಗೇಜುಗಳು. ಮುಳ್ಳು ತಿರುಗಿಸಲು ಎಕ್ಸ್27.168 ಎಂಬ ಕಾರ್ ಡ್ಯಾಶ್‌ಬೋರ್ಡಿನ ಪುಟ್ಟ ಸ್ಟೆಪರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟರ್) ಸಾಕು: 315 ಡಿಗ್ರಿ ಸುತ್ತು, 945 ಹೆಜ್ಜೆ. ಎಲ್ಲಿ ನಿಂತಿದ್ದೇನೆಂಬುದು ಅದಕ್ಕೇ ತಿಳಿಯದು, ಹಾಗಾಗಿ ಪ್ರತಿ ಸಲ ಶುರುವಾದಾಗ 945 ಹೆಜ್ಜೆ ಹಿಂದಕ್ಕೆ ಓಡಿಸಿ ತಡೆಗೆ ತಾಗಿಸಿ ಸೊನ್ನೆ ಹಿಡಿಯಬೇಕು. ಏರ್‌ಸ್ಪೀಡ್ ಗೇಜಿನ ಗೆರೆಗಳು ಸಮ ಅಂತರದಲ್ಲಿರುವುದಿಲ್ಲ. 40, 60, 80, 100 ಹೀಗೆ ಪ್ರತಿ ವೇಗಕ್ಕೆ ಎಷ್ಟು ಹೆಜ್ಜೆ ಎಂದು ಅಳೆದು ಒಂದು ಪಟ್ಟಿ ಬರೆದು, ನಡುವಿನದನ್ನು ಲೆಕ್ಕ ಹಾಕಿಸಬೇಕು.

ಇಲ್ಲಿಗೆ ಬಂದಾಗ ಹೆಚ್ಚಿನವರು ತಪ್ಪುವುದು ಒಂದೇ ಕಡೆ: ಗೇಜಿನ ಕೋಡಿನೊಳಗೇ ಸಿಮ್ಯುಲೇಟರಿನ ಭಾಷೆ ತುರುಕುತ್ತಾರೆ. ಸಿಮ್ ಬದಲಾದ ದಿನ ಪ್ಯಾನೆಲ್ ಇಡೀ ಬಿಚ್ಚಬೇಕು. ನನ್ನ ಪ್ಯಾನೆಲಿನ ಆರ್ಡುಯಿನೊ ಮೆಗಾ ಬೋರ್ಡಿಗೆ ಯಾವ ಸಿಮ್ ಓಡುತ್ತಿದೆ ಎಂಬುದೇ ಗೊತ್ತಿಲ್ಲ. ಸೆಕೆಂಡಿಗೆ 20 ಸಲ, 115200 ಬಾಡ್‌ನಲ್ಲಿ, ಒಂದು ಸಾಲು ಬರುತ್ತದೆ: ವೇಗ ನಾಟಿನಲ್ಲಿ, ಎತ್ತರ ಅಡಿಯಲ್ಲಿ, ದಿಕ್ಕು ಡಿಗ್ರಿಯಲ್ಲಿ, ಏರಿಳಿತ ನಿಮಿಷಕ್ಕೆ ಅಡಿಯಲ್ಲಿ. ಆ ಸಾಲು ಹೆಣೆಯುವುದು ಪಿಸಿಯಲ್ಲಿರುವ ನೂರು ಸಾಲಿನ ಪೈಥಾನ್ ಪ್ರೋಗ್ರಾಂ. ಸಿಮ್ಯುಲೇಟರಿಗೊಂದರಂತೆ: ಎಕ್ಸ್-ಪ್ಲೇನಿಗೊಂದು, ಫ್ಲೈಟ್‌ಗಿಯರಿಗೊಂದು, ಮೈಕ್ರೋಸಾಫ್ಟಿನದಕ್ಕೊಂದು. ಎಕ್ಸ್-ಪ್ಲೇನಿಗೆ 49000 ಪೋರ್ಟಿನಲ್ಲಿ ಯುಡಿಪಿ ಮೂಲಕ 413 ಬೈಟಿನ ಕೋರಿಕೆ ಕಳಿಸಿದರೆ ಕೇಳಿದ ಸಂಖ್ಯೆಯನ್ನು ಕೇಳಿದ ವೇಗದಲ್ಲಿ ಕೊಡುತ್ತದೆ. 413 ಎಂದರೆ 413. ಹೆಸರು ಚಿಕ್ಕದಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬಬೇಕು, ಇಲ್ಲದಿದ್ದರೆ ಉತ್ತರವೂ ಇಲ್ಲ, ದೂರೂ ಇಲ್ಲ. ಮೈಕ್ರೋಸಾಫ್ಟ್ ಕಡೆ ಸಿಮ್‌ನಿಂದ ಮಾಹಿತಿ ಹೊರತರುವ ಎಫ್‌ಎಸ್‌ಯುಐಪಿಸಿ ಎಂಬ ಪ್ರೋಗ್ರಾಂ ಇಂದಿಗೂ ಹಳೆಯ ಆಫ್‌ಸೆಟ್ (ಯಾವ ಮಾಹಿತಿ ಎಲ್ಲಿದೆ ಎಂಬ ವಿಳಾಸ) ಸಂಖ್ಯೆಗಳನ್ನೇ ಉಳಿಸಿಕೊಂಡಿದೆ, ಈ ಲೋಕದಲ್ಲಿ ಅಪರೂಪದ ನಿಯತ್ತು. ಅದರಲ್ಲಿ ವೇಗ ಬರುವುದು 128ರಿಂದ ಗುಣಿಸಿದ ಸಂಖ್ಯೆಯಾಗಿ, ಎತ್ತರ ಬರುವುದು ಮೀಟರಿನಲ್ಲಿ. ಅಲ್ಟಿಮೀಟರ್ 3000 ಅಡಿಯ ಬದಲು 900ರ ಹತ್ತಿರ ತೋರಿಸಿದರೆ ಕಾರಣ ಹುಡುಕುತ್ತ ಕೂರಬೇಡಿ, 3.28ರಿಂದ ಗುಣಿಸಲು ಮರೆತಿದ್ದೀರಿ. ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಮೆಗಾ ರೀಸೆಟ್ ಆಗುವುದರಿಂದ ಮೊದಲ ಸಾಲು ಕಳಿಸುವ ಮುನ್ನ ಎರಡು ಸೆಕೆಂಡ್ ಕಾಯಿಸಿ.

ಮೂರನೆಯ ಪದರವಾದ ಸಿಮ್ಯುಲೇಟರಿನಲ್ಲಿ ಉಳಿಸಿಕೊಳ್ಳಬೇಕಾದ್ದು ನೆಲ. ಮೈಕ್ರೋಸಾಫ್ಟಿನದರಲ್ಲಿ ರೋಲಿಂಗ್ ಕ್ಯಾಶ್ (ನೆಟ್‌ನಿಂದ ಇಳಿದ ನೆಲವನ್ನು ತಾತ್ಕಾಲಿಕವಾಗಿ ಇಡುವ ಜಾಗ) ದೊಡ್ಡದಾಗಿಟ್ಟರೆ ಊರು ನಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಅದು ಉಗ್ರಾಣವಲ್ಲ, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡುತ್ತದೆ. ಕಾಯಂ ನೆಲ ಬೇಕೆಂದರೆ ಎಕ್ಸ್-ಪ್ಲೇನ್ ಮತ್ತು ಆರ್ಥೋ4ಎಕ್ಸ್‌ಪಿ ಎಂಬ ಮುಕ್ತ ತಂತ್ರಾಂಶದ ಜೋಡಿ. ಇದು ಭೂಮಿಯನ್ನು ಒಂದು ಡಿಗ್ರಿ ಉದ್ದಗಲದ ತುಂಡುಗಳಾಗಿ ಮಾಡಿಕೊಡುತ್ತದೆ. ತುಂಡಿನ ಹೆಸರು ಅದರ ನೈಋತ್ಯ ಮೂಲೆಯ ಅಕ್ಷಾಂಶ, ರೇಖಾಂಶ: ದೇವನಹಳ್ಳಿಯ ವಿಮಾನ ನಿಲ್ದಾಣ +13+077ರಲ್ಲಿ, ಎಚ್‌ಎಎಲ್ ನಿಲ್ದಾಣ +12+077ರಲ್ಲಿ. ಬೆಂಗಳೂರು ಎರಡು ತುಂಡಿಗೆ ಹಂಚಿಹೋಗಿರುವುದರಿಂದ ಒಂದನ್ನೇ ಮಾಡಿದವರಿಗೆ ಊರಿನ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ.

ಜಾಗದ ಲೆಕ್ಕ ಕೈಯಲ್ಲೇ ಹಾಕಬಹುದು. ಚಿತ್ರದ ಸ್ಪಷ್ಟತೆಯ ಮಟ್ಟಕ್ಕೆ ಝೂಮ್ ಎನ್ನುತ್ತಾರೆ; ಝೂಮ್ 16ರಲ್ಲಿ ನಮ್ಮ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ ಸುಮಾರು 2.3 ಮೀಟರ್. ಚಿತ್ರದ ಪ್ರತಿ ಹಾಳೆ 4096 ಪಿಕ್ಸೆಲ್ ಚೌಕ, ಅಂದರೆ ಒಂಬತ್ತೂವರೆ ಕಿಲೋಮೀಟರ್, ತೂಕ ಸುಮಾರು 11 ಎಂಬಿ. ಒಂದು ತುಂಡಿಗೆ 12 ಅಡ್ಡ 12 ಉದ್ದ, 144 ಹಾಳೆ, ಒಂದೂವರೆ ಜಿಬಿ. ಝೂಮ್ 17 ಎಂದರೆ ಅದರ ನಾಲ್ಕು ಪಟ್ಟು, ಆರು ಜಿಬಿ. ಗಡಿಯ ತುಂಡುಗಳೂ ಸೇರಿ ಕರ್ನಾಟಕಕ್ಕೆ 30ರ ಆಸುಪಾಸು ಬೇಕು: 16ರಲ್ಲಿ 45 ಜಿಬಿ, 17ರಲ್ಲಿ 180. ಎಲ್ಲ ಕಡೆ 17 ಹಾಕುವುದು ದುಂದು. 16 ಹಾಕಿ, ನಿಲ್ದಾಣಗಳ ಸುತ್ತ ಮಾತ್ರ ಹೆಚ್ಚು ಸ್ಪಷ್ಟತೆ ಕೊಡುವ ಆಯ್ಕೆ ಆನ್ ಮಾಡಿ. ಚಿತ್ರ ಕೊಡುವವರ ಷರತ್ತುಗಳನ್ನು ಓದಿ. ಮಾಡಿದ ತುಂಡುಗಳನ್ನು ಹಂಚುವ ಚಟ ಬೇಡ.

ಮುಗಿದ ತುಂಡನ್ನು ಕಸ್ಟಮ್ ಸೀನರಿ ಫೋಲ್ಡರಿಗೆ ಹಾಕಿ ಎಕ್ಸ್-ಪ್ಲೇನ್ ತೆರೆದರೆ ನಿಲ್ದಾಣದ ಕಟ್ಟಡ, ರನ್‌ವೇ ದೀಪ ಎಲ್ಲ ಮಾಯವಾಗಿರಬಹುದು. ಹೊಸದಾಗಿ ಬಂದದ್ದನ್ನು ಎಕ್ಸ್-ಪ್ಲೇನ್ ಸೀನರಿ ಪ್ಯಾಕ್ಸ್ ಕಡತದ ತಲೆಗೆ ಬರೆಯುತ್ತದೆ, ತಲೆಯಲ್ಲಿ ಕೂತ ನೆಲ ಕೆಳಗಿನದನ್ನೆಲ್ಲ ಮುಚ್ಚುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ನಿಲ್ದಾಣಗಳು ಮೇಲೆ, ರಸ್ತೆ-ಮರಗಳ ಓವರ್‌ಲೇ ನಡುವೆ, ನೆಲದ ತುಂಡುಗಳು ಕೊನೆಗೆ ಬರುವಂತೆ ಸಾಲು ಬದಲಿಸಿ.

ಮಂಗಳೂರಿನ +12+074 ತುಂಡು ಮಾತ್ರ ಬೇರೆಯೇ ಜಾತಿ. ನೆಲದ ಏರುತಗ್ಗಿಗೆ ಸಾಮಾನ್ಯವಾಗಿ ಬಳಸುವ, ಬಾಹ್ಯಾಕಾಶದಿಂದ ರಾಡಾರ್‌ನಲ್ಲಿ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶವನ್ನು ಅಳೆದದ್ದು 2000ದ ಫೆಬ್ರವರಿಯಲ್ಲಿ. ಬಜ್ಪೆಯ ಗುಡ್ಡದ ಮೇಲೆ 2450 ಮೀಟರಿನ 06/24 ರನ್‌ವೇ ತೆರೆದದ್ದು 2006ರಲ್ಲಿ. ದತ್ತಾಂಶದ ಪಾಲಿಗೆ ಅಲ್ಲಿ ಇನ್ನೂ ಹಳೆಯ ಗುಡ್ಡವೇ ಇದೆ, ರನ್‌ವೇ ಒಂಟೆ ಬೆನ್ನಾಗುತ್ತದೆ. ಆರ್ಥೋ4ಎಕ್ಸ್‌ಪಿ ತಾನೇ ಕೊಂಚ ನಯ ಮಾಡಿದರೂ ಸಾಲದು. ಎಕ್ಸ್-ಪ್ಲೇನಿನ ನಿಲ್ದಾಣ ತಿದ್ದುವ ವರ್ಲ್ಡ್ ಎಡಿಟರಿನಲ್ಲಿ ನಿಲ್ದಾಣಕ್ಕೆ ‘ಸದಾ ಸಮತಟ್ಟು’ ಗುರುತು ಹಾಕಿ. ಹಾಕುವಾಗ ನಿಲ್ದಾಣದ ಗಡಿರೇಖೆಯನ್ನು ರನ್‌ವೇಯ ಅಂಚಿಗೆ ಒತ್ತಿ ಎಳೆಯಬೇಕು. ಅಗಲವಾಗಿ ಎಳೆದರೆ ಪಕ್ಕದ ಕಣಿವೆಯೂ ಸಮತಟ್ಟಾಗಿ, ಮಂಗಳೂರಿನಲ್ಲಿ ಇಳಿಯುವಾಗಿನ ಎದೆಬಡಿತವೇ ಹೋಗುತ್ತದೆ.

ಉಗ್ರಾಣ ಇಡುವುದರ ಬಗ್ಗೆ ಹೇಳಲು ಹೆಚ್ಚಿಲ್ಲ. ಕಪಾಟಿನಲ್ಲಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ವಾಸಿ. ವರ್ಷಗಟ್ಟಲೆ ಕರೆಂಟ್ ಕಾಣದ ಎಸ್‌ಎಸ್‌ಡಿ ನಂಬಿಕಸ್ಥನಲ್ಲ. ಇನ್‌ಸ್ಟಾಲರ್‌ಗಳ ಪಕ್ಕದಲ್ಲೇ ಚೆಕ್‌ಸಮ್ (ಕಡತ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಬರೆದಿಡಿ. ಕೊಂಡ ಆಡ್-ಆನ್ ನೆಟ್ ಇಲ್ಲದೆ ಆಕ್ಟಿವೇಟ್ ಆಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಆಗದಿದ್ದರೆ ಅದು ಬಾಡಿಗೆ ಮನೆ ಎಂದುಕೊಂಡೇ ದುಡ್ಡು ಕೊಡಿ. ಎಲ್ಲಕ್ಕೂ ಕೊನೆಯ ಆಸರೆಯಾಗಿ ಫ್ಲೈಟ್‌ಗಿಯರ್ ಇರಲಿ. ನೋಟ ಸಪ್ಪೆ, ಆದರೆ ಜಿಪಿಎಲ್ ಎಂಬ ಮುಕ್ತ ಪರವಾನಗಿಯದು, ಕೀಲಿ ಕೇಳುವುದಿಲ್ಲ, ಅದರ ಟೆರಾಸಿಂಕ್ ಎಂಬ ಸೌಲಭ್ಯ ಇಳಿಸಿದ ನೆಲ ಸಾಮಾನ್ಯ ಫೋಲ್ಡರಾಗಿ ಡಿಸ್ಕಿನಲ್ಲೇ ಇರುತ್ತದೆ. ಉಗ್ರಾಣಕ್ಕೆ ಹಾಕಲಾಗದ್ದು ಎರಡು: ಆ ಹೊತ್ತಿನ ನಿಜವಾದ ಹವಾಮಾನ, ಮತ್ತು ವ್ಯಾಟ್ಸಿಮ್‌ನಂಥ ಜಾಲದಲ್ಲಿ ಕಂಟ್ರೋಲ್ ಟವರಿನವರಾಗಿ ಕೂತು ಮಾತಾಡುವ ಮನುಷ್ಯರು.

ವರ್ಷಕ್ಕೆರಡು ಸಲ ರೂಟರಿನ ತಂತಿ ಕಿತ್ತು ಇಡೀ ಸೆಟಪ್ಪನ್ನು ಶುರುಮಾಡಿ ನೋಡುವುದು ನನ್ನ ಪದ್ಧತಿ. ಏನೇನು ಏಳುವುದಿಲ್ಲ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಪಣಂಬೂರಿನ ಆಚೆ ಕಡಲ ಮೇಲೆ ಸಾವಿರ ಅಡಿಯಲ್ಲಿ 90 ನಾಟ್ ಹಿಡಿದು, 14 ಡಿಗ್ರಿ ವಾಲಿಸಿ, ಸ್ಟಾಪ್‌ವಾಚ್ ಒತ್ತಬೇಕು. ಪೂರ್ತಿ ಸುತ್ತಿಗೆ ಎರಡು ನಿಮಿಷ ಆಗಬೇಕು. ಇದನ್ನು ಬೆಂಗಳೂರಿನ ಮೇಲೆ ಮಾಡಬೇಡಿ. ಅಲ್ಲಿನ ಎತ್ತರದಲ್ಲಿ ಗೇಜು ತೋರುವ ವೇಗಕ್ಕಿಂತ ನಿಜವಾದ ವೇಗ ಹೆಚ್ಚಿರುತ್ತದೆ, ಸುತ್ತು ತಡವಾಗುತ್ತದೆ. ಕಡಲ ಮೇಲೂ ಹತ್ತು ಸೆಕೆಂಡಿಗಿಂತ ಹೆಚ್ಚು ಆಚೀಚೆಯಾದರೆ ಸಿಮ್ಯುಲೇಟರಿನ ಪರದೆಯ ಮೇಲಿನ ಗೇಜನ್ನೂ ನಮ್ಮ ಮುಳ್ಳನ್ನೂ ಅಕ್ಕಪಕ್ಕ ನೋಡಿ. ಎರಡೂ ಹೊಂದದಿದ್ದರೆ 80 ಮತ್ತು 100ರ ನಡುವಿನ ಹೆಜ್ಜೆಗಳನ್ನು ಮತ್ತೆ ಅಳೆಯಬೇಕು.