ಲೊಂಬೊಕ್‌ಗೆ ನಾವಿಬ್ಬರೇ: ತೋಟದ ಮನೆಯಲ್ಲಿ ಕೂತು ಹಾಕಿದ ಪ್ಲಾನು

ಹನಿಮೂನ್‌ಗೆಂದು ಎಲ್ಲೆಲ್ಲಿಂದಲೋ ಜೋಡಿಗಳು ಕೊಡಗಿಗೆ ಬರುತ್ತಾರೆ. ಇಲ್ಲೇ ಹುಟ್ಟಿ ಬೆಳೆದು, ಇಲ್ಲೇ ಮದುವೆಯಾದವರು ಎಲ್ಲಿಗೆ ಹೋಗಬೇಕು? ಬೆಟ್ಟ, ಮಂಜು, ಜಲಪಾತ ಎಲ್ಲ ಮನೆಯ ಹಿಂದೆಯೇ ಇದೆ. ಆದರೆ ಕೆಲಸದವರ ಫೋನು, ಕಾಫಿ ರೇಟು, ನೆಂಟರ ನಿಖಾಹ್‌ಗಳ ನಡುವೆ ನಾವಿಬ್ಬರೇ ನೆಮ್ಮದಿಯಾಗಿ ಕೂತು ಮಾತಾಡುವುದು ಅಪರೂಪವಾಗಿತ್ತು. ನನಗೆ ಬೇಕಿದ್ದದ್ದು ಬೆಟ್ಟವೇ, ಆದರೆ ಯಾರೂ ನಮ್ಮ ಗುರುತು ಹಿಡಿಯದ ಬೆಟ್ಟ. ಪಕ್ಕದಲ್ಲಿ ಸಮುದ್ರವೂ ಇರಬೇಕು. ಊಟಕ್ಕೆ ಕೂತಾಗಲೆಲ್ಲ ‘ಇದರಲ್ಲಿ ಏನು ಹಾಕಿದ್ದಾರೆ, ಹಲಾಲೇ’ ಎಂದು ವಿಚಾರಿಸುವ ಪಾಡು ಇರಬಾರದು. ಪ್ಯಾಕೆಟ್ಟಿನ ಹಿಂಬದಿ ಓದುತ್ತಾ, ಹೋಟೆಲಿನಿಂದ ಹೋಟೆಲಿಗೆ ಅಲೆಯುತ್ತಾ ಕಳೆಯುವ ಪ್ರವಾಸದಲ್ಲಿ ಪ್ರೀತಿಗೆ ಪುರುಸೊತ್ತೆಲ್ಲಿ?

ಹಾಗೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಂಡೋನೇಷ್ಯಾದ ಲೊಂಬೊಕ್. ಬಾಲಿಯ ಪೂರ್ವಕ್ಕಿರುವ ದ್ವೀಪ. ಅಲ್ಲಿನ ಸಾಸಕ್ ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ‘ಸಾವಿರ ಮಸೀದಿಗಳ ದ್ವೀಪ’ ಎಂದೇ ಹೆಸರು. 2015ರಲ್ಲಿ ಅಬುಧಾಬಿಯಲ್ಲಿ ಹಲಾಲ್ ಪ್ರವಾಸದ ಪ್ರಶಸ್ತಿಗಳನ್ನು ಕೊಟ್ಟಾಗ ಹನಿಮೂನ್ ವಿಭಾಗದ್ದೂ ಲೊಂಬೊಕ್‌ಗೇ ಬಂತು. ನಮ್ಮ ಕೊಡಗಿನ ಮಾಪಿಳ್ಳೆ ಮುಸ್ಲಿಮರಂತೆ ಅಲ್ಲಿನವರೂ ಶಾಫಿಈ ಪಂಥದವರು. ನಸುಕಿನ ಸುಬ್ಹಿ ನಮಾಝಿನಲ್ಲಿ ಇಮಾಮರು ಕುನೂತ್ ಪ್ರಾರ್ಥನೆ ಓದಿದಾಗ ಊರಿನ ಮಸೀದಿಯಲ್ಲೇ ನಿಂತ ಹಾಗಾಯಿತು ಎಂದು ನನ್ನ ಗಂಡ ಹೇಳಿದರು. ನಮಾಝಿಗೆ ಮುಖ ಮಾಡುವ ದಿಕ್ಕು, ಕಿಬ್ಲಾ ಕೂಡ ಪಶ್ಚಿಮದಿಂದ ತುಸು ಉತ್ತರಕ್ಕೆ, ಹೆಚ್ಚುಕಡಿಮೆ ನಮ್ಮಲ್ಲಿರುವಂತೆಯೇ. ಪೆಟ್ರೋಲ್ ಬಂಕುಗಳಲ್ಲೂ ನಮಾಝಿಗೆ ಪುಟ್ಟ ಕೋಣೆ, ಅದಕ್ಕೂ ಮುಂಚೆ ಕೈಕಾಲು ಮುಖ ತೊಳೆಯುವ ವುಝೂಗೆ ನೀರು ಸಿಗುತ್ತದೆ.

ತಿಂಗಳು ಆರಿಸಿದ್ದು ತೋಟ ನೋಡಿಕೊಂಡು. ಅಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಒಣಹವೆ, ನಮ್ಮ ಮಳೆಗಾಲಕ್ಕೆ ಸರಿಯಾಗಿ ಉಲ್ಟಾ. ಕರಿಮೆಣಸು ಕೊಯ್ದು, ಗೊಬ್ಬರ ಹಾಕಿ, ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದು ಮುಗಿಸಿದ ಮೇಲೆ ಜೂನ್‌ನಲ್ಲಿ ಹೊರಟೆವು. ಮಕ್ಕಳು ಸುಂಟಿಕೊಪ್ಪದಲ್ಲಿ ನನ್ನ ಉಮ್ಮನ ಬಳಿ. ಜುಲೈ, ಆಗಸ್ಟ್‌ನಲ್ಲಿ ಯುರೋಪಿನ ರಜೆಯ ಜನಜಂಗುಳಿ ಇರುತ್ತದೆ, ರೂಮಿನ ಬಾಡಿಗೆಯೂ ಏರುತ್ತದೆ. ರಂಝಾನ್ ಹಬ್ಬದ ವಾರ ಬೇಡವೇ ಬೇಡ. ಇಡೀ ಇಂಡೋನೇಷ್ಯಾವೇ ಊರಿಗೆ ಹೊರಟಿರುತ್ತದೆ, ಬೋಟುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.

ಬೆಂಗಳೂರಿನಿಂದ ಕೌಲಾಲಂಪುರದ ಮೂಲಕ ಹೋದರೆ ದಾರಿಯಲ್ಲೂ ಹಲಾಲ್ ಊಟದ ಚಿಂತೆಯಿಲ್ಲ, ಅದಕ್ಕೇ ಆ ದಾರಿ ಹಿಡಿದೆ. ವೀಸಾ ಅಲ್ಲಿಗೆ ಇಳಿದ ಮೇಲೂ ಸಿಗುತ್ತದೆ: 30 ದಿನಕ್ಕೆ 5 ಲಕ್ಷ ರುಪಿಯಾ. ಸಂಖ್ಯೆ ನೋಡಿ ಹೆದರಬೇಡಿ, ಅದು ಅವರ ದುಡ್ಡು. ಪಾಸ್‌ಪೋರ್ಟಿಗೆ 6 ತಿಂಗಳ ಅವಧಿ ಉಳಿದಿರಲಿ, ವಾಪಸ್ ಟಿಕೆಟ್ ಕೈಯಲ್ಲಿರಲಿ.

ಹೆಚ್ಚು ಹೊತ್ತು ತಗೊಂಡದ್ದು ಉಳಿಯುವ ಜಾಗದ ಆಯ್ಕೆ. ಹಲಾಲ್ ಎಂದರೆ ತಟ್ಟೆಯಲ್ಲಿರುವುದಷ್ಟೇ ಅಲ್ಲ. ಹಿಜಾಬ್ ಹಾಕುವ ನಾನು ಗಂಡನ ಜೊತೆ ನೀರಿಗಿಳಿದು ಆಡಬೇಕಾದರೆ ನಾಲ್ಕು ಗೋಡೆಯ ಮರೆ ಬೇಕು. ದ್ವೀಪದ ದಕ್ಷಿಣ ಕರಾವಳಿಯ ಕುತಾ ಕಡೆ ಪೂಲ್ ಇರುವ ಪುಟ್ಟ ವಿಲ್ಲಾಗಳು ತುಂಬ ಇವೆ. ಬುಕ್ ಮಾಡುವ ಮುಂಚೆ ಒಬ್ಬೊಬ್ಬರಿಗೂ ಮೆಸೇಜ್ ಮಾಡಿ ಕೇಳಿದೆ: ಪಕ್ಕದ ಮಹಡಿಯಿಂದ ಪೂಲ್ ಕಾಣುತ್ತದೆಯೇ? ಕೆಲಸದವರು ಯಾವ ಹೊತ್ತಿಗೆ ಒಳಗೆ ಬರುತ್ತಾರೆ? ಫ್ರಿಜ್‌ನಲ್ಲಿ ಬಿಯರ್ ಇಟ್ಟಿದ್ದರೆ ತೆಗೆದಿಡುತ್ತೀರಾ? ಗೋಡೆಯ ಫೋಟೊ ಕಳಿಸಿ ಎಂದೂ ಕೇಳಿದೆ. ಸಂಕೋಚವೇ ಇಲ್ಲದೆ ಉತ್ತರಿಸಿದವರ ಜಾಗವನ್ನೇ ಹಿಡಿದೆ. ಹೆಣ್ಣುಮಕ್ಕಳು ಈ ಪ್ರಶ್ನೆಗಳನ್ನು ನಾಚಿಕೊಳ್ಳದೆ ಕೇಳಬೇಕು. ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಕೋಣೆಯೊಳಗೆ ಕೂರುವುದಕ್ಕಾಗುತ್ತದೆಯೇ?

ಆದರೂ ಹೆಚ್ಚಿನ ರಾತ್ರಿಗಳನ್ನು ಕೊಟ್ಟಿದ್ದು ಬೆಟ್ಟಕ್ಕೆ. ರಿಂಜಾನಿ 3,726 ಮೀಟರ್ ಎತ್ತರದ ಜ್ವಾಲಾಮುಖಿ, ಇಂಡೋನೇಷ್ಯಾದ ಜ್ವಾಲಾಮುಖಿಗಳಲ್ಲಿ ಎತ್ತರದಲ್ಲಿ ಎರಡನೆಯದು. ಅದರ ಪಕ್ಕದಲ್ಲೇ ಸಮಲಾಸ್ ಎಂಬ ಇನ್ನೊಂದು ಶಿಖರವಿತ್ತು. 1257ರಲ್ಲಿ ಅದು ಸ್ಫೋಟಿಸಿ ನೆತ್ತಿಯೇ ಹಾರಿಹೋಯಿತು. ಆ ಸ್ಫೋಟದ ಗಂಧಕದ ಗುರುತು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿದ್ದರೂ, ಅದು ಯಾವ ಬೆಟ್ಟದ್ದೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2013ರಲ್ಲಿ. ಲೊಂಬೊಕ್‌ನ ಹಳೆಯ ತಾಳೆಗರಿಗಳಲ್ಲಿ ಮಾತ್ರ ಆ ಕಥೆ ಮೊದಲಿನಿಂದಲೂ ಇತ್ತು. ಸ್ಫೋಟದ ಕುಳಿಯಲ್ಲಿ ಈಗ ಸೆಗರಾ ಅನಾಕ್ ಎಂಬ ಸರೋವರವಿದೆ.

ತುದಿಯವರೆಗೆ ಹತ್ತುವ ಹಟ ನಾವು ಮಾಡಲಿಲ್ಲ. ಅದು ಟೆಂಟಿನಲ್ಲಿ ರಾತ್ರಿ ಕಳೆದು, ಜಾರುವ ಬೂದಿಯ ಮೇಲೆ ಕತ್ತಲಲ್ಲೇ ಹತ್ತುವ ಕಷ್ಟದ ಚಾರಣ. ಗಂಡ ಹೆಂಡತಿ ಜೊತೆಗಿರಲೆಂದೇ ಹೋದವರಿಗೆ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬದಲಿಗೆ ಬುಡದ ಸೆಂಬಲುನ್ ಕಣಿವೆಯಲ್ಲಿ ಉಳಿದೆವು. ಎತ್ತರದಲ್ಲಿ ಮಡಿಕೇರಿಗೆ ಹತ್ತಿರ ಹತ್ತಿರ, ರಾತ್ರಿ ಸ್ವೆಟರ್ ಬೇಕೇ ಬೇಕು. ಒಂದು ನಸುಕಿನಲ್ಲಿ ಪೆರ್ಗಾಸಿಂಗನ್ ಗುಡ್ಡ ಹತ್ತಿ, ಮೇಲೆಯೇ ಸುಬ್ಹಿ ಮುಗಿಸಿ, ಬೆಳ್ಳುಳ್ಳಿ ಮತ್ತು ಸ್ಟ್ರಾಬೆರಿ ಗದ್ದೆಗಳ ಚೌಕಗಳಿಗೆ ಬಿಸಿಲು ಬೀಳುವುದನ್ನು ನೋಡುತ್ತಾ ಕೂತೆವು. ಇಳಿಯುವಾಗ ಇವರು ಗದ್ದೆಯ ಬದಿಯಲ್ಲಿ ನಿಂತು ಮಣ್ಣು ಕೈಗೆತ್ತಿಕೊಂಡು ಬೆರಳಲ್ಲಿ ಪುಡಿಮಾಡಿ ನೋಡಿದರು. ಬೂದಿ ಬೆರೆತ ಕಪ್ಪು ಮಣ್ಣು, ಅವಲಕ್ಕಿಯಷ್ಟು ಹಗುರ. ಅದರ ಬಗ್ಗೆಯೇ ಗಂಟೆಗಟ್ಟಲೆ ಮಾತಾಡಿದರು. ತೋಟದ ಚಿಂತೆಯಿಲ್ಲದೆ ಮಣ್ಣಿನ ಬಗ್ಗೆ ಮಾತಾಡುವ ಗಂಡನನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಉತ್ತರದ ಸೆನಾರುವಿನಲ್ಲಿ ಕಾಫಿ, ಕೋಕೋ ತೋಟಗಳ ನಡುವೆ ಉಳಿದೆವು. ಅಲ್ಲಿನ ತಿಯು ಕೆಲೆಪ್ ಜಲಪಾತಕ್ಕೆ ಹೊಳೆ ದಾಟಿಕೊಂಡು ಹೋಗಬೇಕು, ತುಂತುರಿನಲ್ಲಿ ಪೂರ್ತಿ ನೆನೆಯುತ್ತೀರಿ. ಬೇಗ ಒಣಗುವ ಉದ್ದ ಕುರ್ತಾ ಇದ್ದರೆ ಸಾಕು. ಹತ್ತಿರದ ಬಯಾನ್‌ನಲ್ಲಿ ಬಿದಿರ ಗೋಡೆ, ಮಣ್ಣಿನ ನೆಲದ ಪುರಾತನ ಮಸೀದಿ ಇದೆ, ನೋಡದೆ ಬರಬೇಡಿ.

ಸೆನಾರುವಿನ ನಮ್ಮ ಮನೆಯ ಯಜಮಾನರನ್ನು ಎಲ್ಲರಂತೆ ನಾವೂ ‘ಪಾಕ್’ ಎಂದೇ ಕರೆಯುತ್ತಿದ್ದೆವು, ಅಲ್ಲಿ ಹಿರಿಯರನ್ನು ಗೌರವದಿಂದ ಕರೆಯುವುದು ಹಾಗೆ. ಒಂದು ಸಂಜೆ ಮಗ್ರಿಬ್ ನಮಾಝ್ ಆದ ಮೇಲೆ 2018ರ ಆಗಸ್ಟ್ ತಿಂಗಳ ಮಾತು ಬಂತು. ಆಗಸ್ಟ್ 5ರ ರಾತ್ರಿ 6.9 ತೀವ್ರತೆಯ ಭೂಕಂಪ. ಉತ್ತರ ಲೊಂಬೊಕ್‌ನ ಊರುಗಳೇ ನೆಲಸಮವಾದವು, 500ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ತಿಂಗಳು ನಮ್ಮ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದದ್ದನ್ನು ನಾವು ಹೇಳಿದೆವು, ಫೋನಿನಲ್ಲಿದ್ದ ಫೋಟೊ ತೋರಿಸಿದೆವು. ಅವರು ನಮ್ಮ ಮನೆ ಉಳಿಯಿತೇ ಎಂದು ಕೇಳಿದರು, ನಾವು ಅವರ ಮನೆಯ ಬಗ್ಗೆ ಕೇಳಿದೆವು. ಅವರದು ಹೊಸದಾಗಿ ಕಟ್ಟಿದ್ದು. ಆಮೇಲೆ ನಮ್ಮನ್ನು ಅವರು ಗಿರಾಕಿಗಳಂತೆ ನೋಡಲೇ ಇಲ್ಲ.

ಊಟದ ವಿಷಯ. ಕೆಂಡದಲ್ಲಿ ಸುಟ್ಟು ಮೆಣಸಿನ ಮಸಾಲೆ ಬಳಿದ ಆಯಮ್ ತಾಲಿವಾಂಗ್ ಕೋಳಿ, ಬಸಳೆಯಂಥ ನೀರುಸೊಪ್ಪಿಗೆ ಟೊಮೆಟೊದ ಖಾರ ಚಟ್ನಿ, ಅಂದರೆ ಸಂಬಲ್ ಹಾಕಿದ ಪ್ಲೆಚಿಂಗ್ ಕಾಂಗ್ಕುಂಗ್, ಗರಿಯಲ್ಲಿ ಸುತ್ತಿ ಬೇಯಿಸಿದ ಅನ್ನದ ಬುಲಾಯಕ್ ಜೊತೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಸಾತೆ: ಕೊಡಗಿನ ನಾಲಿಗೆಗೆ ಖಾರ ಸರಿಹೋಗುತ್ತದೆ. ಎರಡು ಕಡೆ ಮಾತ್ರ ಕೇಳಿಯೇ ಕೂರಬೇಕು. ಪಶ್ಚಿಮದ ಮಾತಾರಮ್ ಸುತ್ತ ಬಾಲಿ ಮೂಲದ ಹಿಂದೂಗಳಿದ್ದಾರೆ, ಅವರ ಕೆಲವು ಹೋಟೆಲುಗಳಲ್ಲಿ ಹಂದಿ ಮಾಂಸವಿರುತ್ತದೆ. ಚೀನೀ ಶೈಲಿಯ ಹುರಿದ ಅಡುಗೆಗೆ ‘ಆಂಗ್ ಚಿಯು’ ಎಂಬ ಅಕ್ಕಿಯ ಮದ್ಯ ಹಾಕುವುದುಂಟು. ಹೆಸರು ಹೇಳಿ ಕೇಳಿದರೆ ಅಡುಗೆಯವರು ನಿಜ ಹೇಳುತ್ತಾರೆ.

ಸಮುದ್ರಕ್ಕೆ ಲೊಂಬೊಕ್ ಪಕ್ಕದ ಮೂರು ಪುಟ್ಟ ಗಿಲಿ ದ್ವೀಪಗಳು. ಬಾಂಗ್ಸಲ್ ಬಂದರಿನಿಂದ ಬೋಟು. ಮೂರರಲ್ಲೂ ಪೆಟ್ರೋಲ್ ಗಾಡಿಗಳ ಓಡಾಟವಿಲ್ಲ, ತಿರುಗಾಡಲು ಸೈಕಲ್, ಕುದುರೆಗಾಡಿ ಸಿಗುತ್ತವೆ. ಗಿಲಿ ತ್ರಾವಾಂಗನ್‌ನಲ್ಲಿ ಬಾರುಗಳು, ಗದ್ದಲ. ನಮ್ಮಂಥವರಿಗೆ ಗಿಲಿ ಮೆನೊ. ಮೈಪೂರ್ತಿ ಮುಚ್ಚುವ ಈಜುಡುಗೆ ಬುರ್ಕಿನಿ ತೊಟ್ಟು, ಬೆಳಗ್ಗೆ ಬೇರೆ ಬೋಟುಗಳು ಬರುವ ಮುಂಚೆ ನೀರಿಗಿಳಿದರೆ ಕಡಲಾಮೆಗಳು ಪಕ್ಕದಲ್ಲೇ ಹುಲ್ಲು ಮೇಯುತ್ತಿರುತ್ತವೆ. ಬೋಟನ್ನು ನಿಮ್ಮಿಬ್ಬರಿಗೇ ಬಾಡಿಗೆಗೆ ಹಿಡಿಯಿರಿ, ಗುಂಪಿನ ಬೋಟಿಗಿಂತ ದುಬಾರಿ ನಿಜ. ಉಳಿತಾಯ ಮಾಡುವುದಿದ್ದರೆ ವಿಲ್ಲಾದ ಒಂದು ರಾತ್ರಿ ಕಡಿಮೆ ಮಾಡಿ, ಬೋಟಿನಲ್ಲಿ ಬೇಡ.