ಶಸ್ತ್ರಚಿಕಿತ್ಸೆಯಾದ ಮೊಲ ಮನೆಗೆ ಬಂದಾಗ ಮೊದಲು ಹಿಕ್ಕೆ ನೋಡಿ

ಹೆಣ್ಣು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಮತ್ತೆ ಮತ್ತೆ ನೋಡುವುದು ಹೊಟ್ಟೆಯ ಮೇಲಿನ ಹೊಲಿಗೆಯನ್ನು. ಹೊಲಿಗೆ ಸಾಮಾನ್ಯವಾಗಿ ತೊಂದರೆ ಕೊಡದೆ ಮಾಯುತ್ತದೆ. ಆತಂಕವಿರುವುದು ಕರುಳಿನಲ್ಲಿ. ಮೊಲದ ಕರುಳು ಹಗಲಿರುಳೆನ್ನದೆ ಚಲಿಸುತ್ತಲೇ ಇರಬೇಕು. ಅರಿವಳಿಕೆ, ನೋವು, ಭಯ, ಪ್ರಯಾಣ ಎಲ್ಲವೂ ಸೇರಿ ಆ ಚಲನೆಯನ್ನು ತಗ್ಗಿಸುತ್ತವೆ. ಕರುಳು ಸ್ತಬ್ಧವಾದರೆ ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ, ಅದರಿಂದ ನೋವು ಹೆಚ್ಚುತ್ತದೆ, ನೋವಿಗೆ ಮೊಲ ತಿನ್ನುವುದನ್ನೇ ಬಿಡುತ್ತದೆ. ಹೀಗೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಜೀವಕ್ಕೇ ಕುತ್ತು ಬರಬಹುದು.

ಈ ಭಯಕ್ಕೆ ಶಸ್ತ್ರಚಿಕಿತ್ಸೆಯನ್ನೇ ಕೈಬಿಡುವುದು ತಪ್ಪು. ಮೂರ್ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಗರ್ಭಕೋಶ, ಅಂಡಾಶಯಗಳನ್ನು ಸಕಾಲದಲ್ಲಿ ತೆಗೆಸಿದರೆ ಆ ಅಪಾಯ ಇರುವುದಿಲ್ಲ.

ಹೋಗುವ ಮುನ್ನ

ನಾಯಿ, ಬೆಕ್ಕುಗಳಿಗೆ ಮಾಡಿಸುವಂತೆ ಮೊಲಕ್ಕೆ ರಾತ್ರಿಯಿಡೀ ಉಪವಾಸ ಬೇಡ. ಆ ಉಪವಾಸ ಅರಿವಳಿಕೆಯ ವೇಳೆ ವಾಂತಿಯಾಗದಿರಲೆಂದು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಯಾರಾದರೂ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ ಎಂದರೆ ಕಾರಣ ಕೇಳಿ. ವೈದ್ಯರಿಗೆ ಮೊಲಗಳ ಶಸ್ತ್ರಚಿಕಿತ್ಸೆಯ ಅನುಭವ ಇದೆಯೇ ಎಂಬುದನ್ನೂ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು. ಆಸ್ಪತ್ರೆಯಿಂದ ಹೊರಡುವಾಗ ಮನೆಯಲ್ಲಿ ಕೊಡಲು ನೋವಿನ ಔಷಧ ಬರೆಸಿಕೊಳ್ಳದೆ ಬರಬೇಡಿ. ರಾತ್ರಿ ಕರೆ ಮಾಡಬಹುದಾದ ನಂಬರ್ ಒಂದನ್ನೂ ಪಡೆದುಕೊಳ್ಳಿ.

ಜಾಗ ಸಿದ್ಧಮಾಡಿ

ಗದ್ದಲವಿಲ್ಲದ ಮೂಲೆಯಲ್ಲಿ ಒಂದೇ ಮಟ್ಟದ ನೆಲವಿರುವ ಪಂಜರ ಸಾಕು. ಮೆಟ್ಟಿಲು, ಅಟ್ಟಣಿಗೆ ಇದ್ದರೆ ತೆಗೆದುಬಿಡಿ. ಮರದ ಹೊಟ್ಟು ಹಾಸಬೇಡಿ, ಗಾಯಕ್ಕೆ ಅಂಟಿಕೊಳ್ಳುತ್ತದೆ. ದಿನಪತ್ರಿಕೆಯ ಮೇಲೆ ನೂಲು ಕಿತ್ತುಬರದ ಹಳೆಯ ಹತ್ತಿ ಬಟ್ಟೆ ಹಾಸಿ. ನೀರನ್ನು ಬಾಟಲಿಯಲ್ಲಿ ಇಡುವುದಕ್ಕಿಂತ ಉರುಳದಂಥ ಭಾರದ ಬಟ್ಟಲಿನಲ್ಲಿ ಇಟ್ಟರೆ ನೋವಿರುವ ಮೊಲಕ್ಕೆ ಕುಡಿಯಲು ಸುಲಭ.

ಅರಿವಳಿಕೆಯ ನಂತರ ಕೆಲವು ಗಂಟೆ ಮೊಲದ ಮೈ ತಣ್ಣಗಾಗುತ್ತದೆ. ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಂಜರದ ಒಂದು ಬದಿಗೆ ಮಾತ್ರ ಇಡಿ. ಬಿಸಿ ಸಾಕೆನಿಸಿದಾಗ ಆಚೆ ಸರಿಯಲು ಜಾಗವಿರಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ಇದಕ್ಕೆ ತದ್ವಿರುದ್ಧ. ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆರೋಗ್ಯವಾಗಿರುವ ಮೊಲವೂ ಬಳಲುತ್ತದೆ. ಅಲ್ಲಿ ಮೊಲ ಪೂರ್ತಿ ಎಚ್ಚರಗೊಂಡ ಮೇಲೆ ಫ್ಯಾನ್ ಬೇಕು, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಬೇಕು.

ಮೊದಲ ಹನ್ನೆರಡು ಗಂಟೆ

ಮನೆಗೆ ಬಂದ ಕೂಡಲೇ ತಟ್ಟೆಯಲ್ಲಿರುವ ಹಳೆಯ ಹಿಕ್ಕೆಗಳನ್ನೆಲ್ಲ ಗುಡಿಸಿ ತೆಗೆಯಿರಿ. ಆಮೇಲೆ ಬೀಳುವ ಒಂದೊಂದೂ ಸುದ್ದಿಯೇ. ಆರೋಗ್ಯವಂತ ಮೊಲ ದಿನಕ್ಕೆ ಇನ್ನೂರಕ್ಕೂ ಹೆಚ್ಚು ಹಿಕ್ಕೆ ಹಾಕಬಲ್ಲದು. ಅವು ದುಂಡಗೆ, ಒಂದೇ ಗಾತ್ರದಲ್ಲಿ, ಒಣಗಿದಂತೆ ಇರುತ್ತವೆ. ಮೊದಲ ದಿನ ಅವು ಕಡಿಮೆಯಾಗಿ, ಸಣ್ಣದಾಗಿ ಬಂದರೂ ಗಾಬರಿ ಬೇಡ. ದ್ರಾಕ್ಷಿಗೊಂಚಲಿನ ಹಾಗೆ ಅಂಟಂಟಾದ ಮೆತ್ತನೆಯ ಹಿಕ್ಕೆ ಕಂಡರೆ ಅದು ಭೇದಿ ಎಂದುಕೊಳ್ಳಬೇಡಿ. ಅದನ್ನು ಮೊಲ ಬಾಗಿ ನೇರವಾಗಿ ತಿನ್ನುತ್ತದೆ, ಅದರಿಂದ ವಿಟಮಿನ್ ಪಡೆಯುತ್ತದೆ. ಹೊಟ್ಟೆ ನೋವಿನಿಂದ ಬಾಗಲಾಗದೆ ಬಿಟ್ಟಿರುತ್ತದೆ ಅಷ್ಟೆ.

ಪೂರ್ತಿ ಎಚ್ಚರವಾಗುತ್ತಿದ್ದಂತೆ ಮೂಗಿನ ಮುಂದೆಯೇ ಆಹಾರ ಇಡಿ. ಒಣಹುಲ್ಲು ಸದಾ ಇರಲಿ. ಜತೆಗೆ ತೊಳೆದ ಗರಿಕೆ, ಕೊತ್ತಂಬರಿ, ಪುದೀನ ಇಡಿ; ಘಮವಿರುವ ಸೊಪ್ಪು ಹಸಿವನ್ನು ಕೆರಳಿಸುತ್ತದೆ, ಹಸಿಯಾಗಿದ್ದರೆ ನೀರೂ ಒಳಗೆ ಹೋಗುತ್ತದೆ. ಹಾಲು, ಗಂಜಿ, ಬ್ರೆಡ್, ಬಿಸ್ಕತ್ತು ಬೇಡವೇ ಬೇಡ. ಎಲೆಕೋಸನ್ನೂ ಈ ದಿನಗಳಲ್ಲಿ ದೂರವಿಡಿ.

ತಾನಾಗಿ ತಿನ್ನದಿದ್ದರೆ ಸಿರಿಂಜ್‌ನಲ್ಲಿ ತಿನ್ನಿಸಬೇಕಾಗುತ್ತದೆ. ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಮೊಲಗಳಿಗೆಂದೇ ಬರುವ ಪುಡಿ ಸಿಗದಿದ್ದರೆ, ದಿನವೂ ತಿನ್ನುವ ಪೆಲೆಟ್‌ಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ನುಣ್ಣಗೆ ಅರೆಯಿರಿ. ಮೊಲವನ್ನು ಟವೆಲ್‌ನಲ್ಲಿ ಸುತ್ತಿ ನೆಟ್ಟಗೆ ಕೂರಿಸಿಕೊಳ್ಳಿ, ಅಂಗಾತ ಮಲಗಿಸಬೇಡಿ. ಮುಂದಿನ ಹಲ್ಲುಗಳ ಹಿಂದೆ, ಬಾಯಿಯ ಪಕ್ಕದಿಂದ ಸಿರಿಂಜ್ ತೂರಿಸಿ ಒಮ್ಮೆಗೆ ಅರ್ಧ ಮಿ.ಲೀ.ನಷ್ಟು ಮಾತ್ರ ಬಿಡಿ. ಅಗಿದು ನುಂಗುವವರೆಗೆ ಕಾಯಿರಿ. ಅವಸರ ಮಾಡಿದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಉಬ್ಬಿ ಬಿಗಿಯಾಗಿದ್ದರೆ ತಿನ್ನಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.

ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಇಲ್ಲವೇ ಒಂದೂ ಹಿಕ್ಕೆ ಬೀಳಲಿಲ್ಲ ಎಂದರೆ ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಆ ಕ್ಷಣವೇ ವೈದ್ಯರಿಗೆ ಕರೆ ಮಾಡಿ.

ನೋವನ್ನು ಗುರುತಿಸಿ

ಬೇಟೆಗೆ ಬಲಿಯಾಗುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ಮೊಲದ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ್ದು ಐದು ಸಂಗತಿಗಳನ್ನು: ಅರೆಮುಚ್ಚಿದ ಕಣ್ಣು, ಚಪ್ಪಟೆಯಾದ ಕೆನ್ನೆ, ಮೊನಚಾದ ಮೂಗು, ಬಿಗಿದ ಮೀಸೆ, ಹಿಂದಕ್ಕೆ ಮಡಚಿದ ಕಿವಿ. ಇದರ ಜತೆ ಮುದುಡಿ ಕೂತು ಗಟ್ಟಿಯಾಗಿ ಹಲ್ಲು ಕಡಿಯುತ್ತಿದ್ದರೆ, ಹೊಟ್ಟೆಯನ್ನು ನೆಲಕ್ಕೆ ಒತ್ತುತ್ತಿದ್ದರೆ ನೋವಿನ ಔಷಧ ಸಾಲುತ್ತಿಲ್ಲ ಎಂದು ತಿಳಿಯಿರಿ.

ಸಾಮಾನ್ಯವಾಗಿ ಮೆಲೋಕ್ಸಿಕಾಮ್ ದ್ರಾವಣ ಬರೆದುಕೊಡುತ್ತಾರೆ. ಮೊಲ ಚುರುಕಾಯಿತೆಂದು ಅದನ್ನು ನಡುವೆ ನಿಲ್ಲಿಸಬೇಡಿ. ನಿಮ್ಮ ಮನೆಯ ಔಷಧ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಅಮಾಕ್ಸಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಬಾಯಿಯ ಮೂಲಕ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ಮೊಲವೇ ಸಾಯಬಹುದು.

ಗಾಯದ ಆರೈಕೆ

ದಿನಕ್ಕೆ ಎರಡು ಬಾರಿ ನೋಡಿ. ನೋಡುವಾಗ ಹಿಂಗಾಲುಗಳಿಗೆ ಕೈಯಾಸರೆ ಕೊಟ್ಟೇ ಎತ್ತಿಕೊಳ್ಳಿ. ಆಸರೆಯಿಲ್ಲದೆ ಒದ್ದುಕೊಂಡರೆ ಬೆನ್ನುಮೂಳೆ ಮುರಿಯುವುದೂ ಉಂಟು. ಸ್ವಲ್ಪ ಊತ, ಸ್ವಲ್ಪ ಕೆಂಪು ಸಹಜ. ಕೀವು, ವಾಸನೆ, ರಕ್ತ, ಬಿಚ್ಚಿಕೊಂಡ ಹೊಲಿಗೆ ಕಂಡರೆ ಆಸ್ಪತ್ರೆಗೆ ಒಯ್ಯಿರಿ. ಗಾಯಕ್ಕೆ ಅರಿಶಿನ, ಎಣ್ಣೆ, ಡೆಟಾಲ್ ಹಚ್ಚಬೇಡಿ: ಹಚ್ಚಿದ್ದನ್ನೆಲ್ಲ ಮೊಲ ನೆಕ್ಕುತ್ತದೆ. ಸ್ನಾನ ಮಾಡಿಸಲೇಬೇಡಿ. ಮಳೆಗಾಲದಲ್ಲಿ, ಬೇಸಿಗೆಯಲ್ಲಿ ಪಂಜರಕ್ಕೆ ಸೊಳ್ಳೆಪರದೆ ಹೊದಿಸಿ. ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ.

ಹೊಲಿಗೆ ಕಚ್ಚದಿರಲೆಂದು ನಾಯಿಗಳಿಗೆ ತೊಡಿಸುವ ಕೊರಳಪಟ್ಟಿ ಮೊಲಕ್ಕೆ ಹಿಂಸೆ. ತಿನ್ನಲಿಕ್ಕೂ ಆಗದು, ಆ ಮೆತ್ತನೆಯ ಹಿಕ್ಕೆ ಮುಟ್ಟಲಿಕ್ಕೂ ಆಗದು. ನಿಜಕ್ಕೂ ಕಚ್ಚುತ್ತಿದ್ದರೆ ವೈದ್ಯರನ್ನು ಕೇಳಿ ಹೊಟ್ಟೆ ಮುಚ್ಚುವ ಮೃದುವಾದ ಬಟ್ಟೆ ತೊಡಿಸಿ.

ಜೊತೆಗಾರನಿದ್ದರೆ

ಗಾಯ ಮಾಯುವವರೆಗೆ ಎರಡನ್ನೂ ಒಂದೇ ಪಂಜರದಲ್ಲಿ ಬಿಡಬೇಡಿ, ಮೇಲೇರುವ ಆಟದಲ್ಲಿ ಹೊಲಿಗೆ ಕಿತ್ತೀತು. ಪೂರ್ತಿ ದೂರ ಮಾಡುವುದೂ ಸರಿಯಲ್ಲ. ವಾಸನೆ ಮರೆತರೆ ಮತ್ತೆ ಸೇರಿಸುವಾಗ ಕಚ್ಚಾಡುತ್ತವೆ. ನಡುವೆ ಜಾಲರಿಯಿಟ್ಟು ಅಕ್ಕಪಕ್ಕ ಇಡಿ. ಒಂದು ತಿನ್ನುವುದನ್ನು ನೋಡಿ ಇನ್ನೊಂದು ಬಾಯಿ ಹಾಕುವುದೂ ಉಂಟು.

ಹತ್ತು ದಿನಗಳವರೆಗೆ ಜಿಗಿತ, ಓಟ ಬೇಡ. ಕರಗದ ದಾರ ಹಾಕಿದ್ದರೆ 10ರಿಂದ 14 ದಿನಗಳಲ್ಲಿ ತೆಗೆಸಬೇಕು. ವೈದ್ಯರು ನೋಡಿ ಒಪ್ಪಿದ ಮೇಲೆ ಮೊದಲು ಒಂದು ಕೋಣೆಯಲ್ಲಿ, ಆಮೇಲೆ ಮನೆಯಲ್ಲೆಲ್ಲ ಬಿಡಿ. ಎಲ್ಲೆಂದರಲ್ಲಿ ಮೂತ್ರ ಹಾಕುವುದು, ಗುರುಗುಟ್ಟುವುದು ಕೂಡಲೇ ನಿಲ್ಲುವುದಿಲ್ಲ. ಮೈಯಲ್ಲಿರುವ ಹಾರ್ಮೋನು ಇಳಿಯಲು ಕೆಲವು ವಾರ ಹಿಡಿಯುತ್ತದೆ.